ಚಿಕಾಗೊ: ಚಳಿಗಾಲದಲ್ಲಿ ಕಾಡಿನ ಬಕ್‌ಥಾರ್ನ್ ಕಡಿಯೋಕೆ ಕರೆದಿದ್ದಾರೆ, ಹೋಗಬಹುದಾ?

ದಾವಣಗೆರೆಯವನು:

ನಮಸ್ಕಾರ. ನಾವು ಚಿಕಾಗೊ ಪಕ್ಕದ ಶಾಮ್‌ಬರ್ಗ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಮನೆಯಿಂದ ಸ್ವಲ್ಪ ದೂರದಲ್ಲೇ ಕುಕ್ ಕೌಂಟಿಯ ಫಾರೆಸ್ಟ್ ಪ್ರಿಸರ್ವ್, ಅಂದರೆ ಸಂರಕ್ಷಿತ ಕಾಡು ಇದೆ. ಬೇಸಿಗೆಯಲ್ಲಿ ಮಗಳ ಜೊತೆ ಅಲ್ಲಿ ಸೈಕಲ್ ಹೊಡೆಯುತ್ತಿದ್ದೆ. ಈಗ ಅಲ್ಲಿನ ಸ್ವಯಂಸೇವಕರ ಗುಂಪಿನವರು ಜನವರಿಯ ಭಾನುವಾರಗಳಲ್ಲಿ ಬಕ್‌ಥಾರ್ನ್ ಅನ್ನೋ ಗಿಡ ಕಡಿಯೋಕೆ ಬನ್ನಿ ಅಂತ ಕರೆದಿದ್ದಾರೆ. ಗರಗಸ, ಕೈಗವಸು ಎಲ್ಲ ಅವರೇ ಕೊಡುತ್ತಾರಂತೆ. ಮಗಳಿಗೆ ಹತ್ತು ವರ್ಷ. ಹೋಗೋಣ ಅಂತ ಕುಣಿಯುತ್ತಿದ್ದಾಳೆ.

ಅಮ್ಮ ಈಗ ಊರಿಂದ ಬಂದು ನಮ್ಮ ಜೊತೆ ಇದ್ದಾರೆ. ವಿಷಯ ಕೇಳಿದ ಕೂಡಲೇ "ಹಸಿ ಮರ ಕಡಿಯೋದು ಯಾವ ಪುಣ್ಯದ ಕೆಲಸನಪ್ಪಾ? ಅದೂ ಹಬ್ಬದ ತಿಂಗಳಲ್ಲಿ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಮರ ನೆಡೋಕೆ ಕರೆದರೆ ಅರ್ಥವಾಗುತ್ತದೆ. ಕಡಿಯೋಕೆ ಕರೆದರೆ? ಜೊತೆಗೆ, ಕಡಿದ ಬುಡಕ್ಕೆ ಕಳೆನಾಶಕ ಹಚ್ಚುತ್ತಾರೆ ಅಂತ ಅವರ ಪುಟದಲ್ಲೇ ಬರೆದಿದೆ. ಮಗುವನ್ನು ಕರೆದುಕೊಂಡು ಹೋಗುವ ಜಾಗದಲ್ಲಿ ಅದು ಬೇಕಾ ಅನ್ನಿಸಿತು. ಈ ಹಿಮದಲ್ಲೇ ಯಾಕೆ, ಏಪ್ರಿಲ್‌ನಲ್ಲಿ ಮಾಡಬಾರದಾ ಅನ್ನೋದೂ ಗೊತ್ತಿಲ್ಲ.

ಇಲ್ಲಿ ಯಾರಾದರೂ ಹೋಗಿದ್ದೀರಾ? ನಿಜವಾಗಿ ಉಪಯೋಗವಿದೆಯಾ, ಅಥವಾ ಸುಮ್ನೆ ಹೋಗಿ ಫೋಟೊ ತೆಗೆಸಿಕೊಂಡು ಬರೋ ಥರದ್ದಾ?

ಕೊಪ್ಪದವಳು:

ಮೊದಲು ನಿಮ್ಮ ಅಮ್ಮನವರ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯನ್ನೇ ಅವರು ಕೇಳಿದ್ದಾರೆ.

ನನ್ನ ತವರು ಕೊಪ್ಪದ ಕಡೆ, ಕಾಫಿ ತೋಟದಲ್ಲೇ ಬೆಳೆದವಳು. ಈಗ ನಾರ್ತ್‌ಬ್ರೂಕ್‌ನಲ್ಲಿದ್ದೇನೆ. ಬಹಳ ವರ್ಷಗಳಿಂದ ಚಳಿಗಾಲದ ಭಾನುವಾರಗಳನ್ನು ಈ ಕೆಲಸಕ್ಕೇ ಇಟ್ಟಿದ್ದೇನೆ. ಅಮ್ಮನವರಿಗೆ ಹೀಗೆ ಹೇಳಿ. ಮಲೆನಾಡಿನ ತೋಟದಲ್ಲಿ ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡುತ್ತಾರೆ. ಮೇಲಿನ ಮರದ ಕೊಂಬೆ ಸವರಿ ಬೆಳಕು ಕೆಳಗೆ ಬಿಡುತ್ತಾರೆ. ಮಾಡದೆ ನಾಲ್ಕು ವರ್ಷ ಬಿಟ್ಟರೆ ಕೆಳಗಿನ ಗಿಡ ಬದುಕಿರುತ್ತದೆ, ಆದರೆ ಹೂವಿಲ್ಲ, ಫಸಲಿಲ್ಲ. ಇಲ್ಲಿನ ಕಾಡಿಗೂ ಕತ್ತಲೆಯೇ ರೋಗ. ವ್ಯತ್ಯಾಸ ಏನೆಂದರೆ ಇಲ್ಲಿ ಕತ್ತಲೆ ಮಾಡುತ್ತಿರುವುದು ಮೇಲಿನ ದೊಡ್ಡ ಮರವಲ್ಲ, ನಡುವೆ ತುಂಬಿಕೊಂಡಿರುವ ಹೊರಗಿನ ಗಿಡ.

ಈ ಸಲ ಕಾಡಿಗೆ ಹೋದಾಗ ಹಾದಿ ಬಿಟ್ಟು ಹತ್ತು ಹೆಜ್ಜೆ ಒಳಗೆ ನೋಡಿ. ಮೇಲೆ ದೊಡ್ಡ ದೊಡ್ಡ ಓಕ್ ಮರಗಳು ಕಾಣುತ್ತವೆ. ಬರ್ ಓಕ್, ವೈಟ್ ಓಕ್, ಕೆಲವಕ್ಕೆ ಇನ್ನೂರು ವರ್ಷ ಮೀರಿದೆ. ಆಮೇಲೆ ಅವುಗಳ ಕೆಳಗೆ ಒಂದೇ ಒಂದು ಎಳೆ ಓಕ್ ಗಿಡ ಹುಡುಕಿ. ಸಿಗುವುದು ಕಷ್ಟ. ಅಜ್ಜ ಅಜ್ಜಿ ಇದ್ದಾರೆ, ಮೊಮ್ಮಕ್ಕಳಿಲ್ಲ. ಓಕ್ ಕಾಯಿ ಬೀಳುತ್ತದೆ, ಮೊಳೆಯುತ್ತದೆ, ಬೆಳಕಿಲ್ಲದೆ ಸಾಯುತ್ತದೆ. ಉಳಿದದ್ದನ್ನು ಜಿಂಕೆ ಮೇಯುತ್ತದೆ. ಹಸಿ ಮರ ಕಡಿಯಬಾರದು ಅನ್ನುವ ಅಮ್ಮನವರ ಮಾತನ್ನು ನಾನು ಒಪ್ಪುತ್ತೇನೆ. ಇಲ್ಲಿ ಆ ಓಕ್ ಮರಗಳ ಸಂತಾನ ಉಳಿಯಬೇಕು ಅಂತಲೇ ಬಕ್‌ಥಾರ್ನ್ ಕಡಿಯುತ್ತಿರುವುದು.

ಬಕ್‌ಥಾರ್ನ್ ಇಲ್ಲಿಯದಲ್ಲ. 1800ರ ದಶಕಗಳಲ್ಲಿ ಯೂರೋಪಿನಿಂದ ಬೇಲಿಗೆ ಅಂತ ತಂದರು. ಒತ್ತಾಗಿ ಬೆಳೆಯುತ್ತದೆ, ಚಳಿಗೆ ಹೆದರಲ್ಲ, ಕಡಿದರೆ ಮತ್ತೆ ಚಿಗುರುತ್ತದೆ. ಬೇಲಿಗೆ ಇನ್ನೇನು ಬೇಕು? ಹೆಣ್ಣು ಗಿಡದಲ್ಲಿ ಬಟಾಣಿ ಗಾತ್ರದ ಕಪ್ಪು ಹಣ್ಣು ಗೊಂಚಲು ಗೊಂಚಲಾಗಿ ಬಿಡುತ್ತದೆ. ಹಕ್ಕಿಗಳು ತಿನ್ನುತ್ತವೆ. ಅದು ಭೇದಿ ಮಾಡಿಸುವ ಹಣ್ಣು. ಹಕ್ಕಿಗೆ ಅದರಿಂದ ಹೆಚ್ಚು ಪುಷ್ಟಿಯೂ ಇಲ್ಲ, ಬೀಜ ಮಾತ್ರ ಎಲ್ಲೆಲ್ಲೂ ಬೀಳುತ್ತದೆ. 2020ರಲ್ಲಿ ಮಾರ್ಟನ್ ಅರ್ಬೊರೇಟಮ್ ಅನ್ನುವ ಮರಗಳ ಉದ್ಯಾನದವರು ಚಿಕಾಗೊ ಸುತ್ತಲಿನ ಏಳು ಕೌಂಟಿಗಳ ಮರಗಣತಿ ಮಾಡಿದರು. ಲೆಕ್ಕಕ್ಕೆ ಸಿಕ್ಕ ಮರಗಳಲ್ಲಿ ಶೇ 36ರಷ್ಟು ಬಕ್‌ಥಾರ್ನ್! ಮೂರರಲ್ಲಿ ಒಂದಕ್ಕಿಂತ ಜಾಸ್ತಿ.

ನೆಲದಲ್ಲಿ ಆಗುವ ಹಾನಿ ಕಣ್ಣಿಗೆ ಬೀಳುವುದಿಲ್ಲ, ಆದರೆ ನನಗೆ ಹೆಚ್ಚು ಸಂಕಟವಾಗುವುದು ಅಲ್ಲೇ. ಓಕ್ ಎಲೆ ಉದುರಿದರೆ ನಿಧಾನವಾಗಿ ಕೊಳೆಯುತ್ತದೆ, ವರ್ಷವಿಡೀ ನೆಲಕ್ಕೆ ಹೊದಿಕೆ ಇರುತ್ತದೆ. ಬಕ್‌ಥಾರ್ನ್ ಎಲೆಯಲ್ಲಿ ಸಾರಜನಕ ಜಾಸ್ತಿ, ಬೇಗ ಕರಗಿ ಹೋಗುತ್ತದೆ. ಅದಕ್ಕೆ ಎರೆಹುಳು ಮುತ್ತುತ್ತವೆ. ನಮಗೆ ಎರೆಹುಳು ಅಂದರೆ ರೈತನ ಮಿತ್ರ. ಇಲ್ಲಿ ಹಾಗಲ್ಲ. ಹಿಮಯುಗದಲ್ಲಿ ಮಂಜುಗಡ್ಡೆ ಮುಚ್ಚಿದ್ದ ಈ ಸೀಮೆಯಲ್ಲಿ ಇಲ್ಲಿನ ಸ್ವಂತ ಎರೆಹುಳು ಉಳಿಯಲಿಲ್ಲ, ಈಗಿರುವವು ಹೆಚ್ಚಾಗಿ ಯೂರೋಪಿನಿಂದ ಬಂದವು. ಅವು ತರಗೆಲೆಯನ್ನೆಲ್ಲ ಮುಗಿಸಿ ಬರಿ ಮಣ್ಣು ಉಳಿಸುತ್ತವೆ. ಮಳೆ ಬಂದರೆ ಮೇಲ್ಮಣ್ಣು ಕೊಚ್ಚಿ ಹೋಗುತ್ತದೆ. ಟ್ರಿಲಿಯಂ, ಬ್ಲಡ್‌ರೂಟ್, ಕಾಡು ಜೆರೇನಿಯಂ ಥರದ ಕಾಡುಹೂಗಳೆಲ್ಲ ಹೋಗುವುದು ಹೀಗೆ. ಬಕ್‌ಥಾರ್ನ್ ಗಿಡದ ಎಲೆ, ಹಣ್ಣಿನಲ್ಲಿ ಎಮೋಡಿನ್ ಅನ್ನುವ ರಾಸಾಯನಿಕ ಇದೆ. ಅದು ವಸಂತದಲ್ಲಿ ಕಾಡಿನ ಗುಂಡಿಗಳ ನೀರಿಗೆ ಸೇರಿ ಕಪ್ಪೆ ಮೊಟ್ಟೆಗಳನ್ನು ಕೆಡಿಸುತ್ತದೆ.

ಇನ್ನು ಚಳಿಗಾಲ ಯಾಕೆ ಅಂದರೆ, ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿರುತ್ತದೆ. ಇಪ್ಪತ್ತು ಜನ ಓಡಾಡಿದರೂ ಮಣ್ಣು ತುಳಿತಕ್ಕೆ ಸಿಕ್ಕುವುದಿಲ್ಲ. ಒಳ್ಳೆಯ ಗಿಡಗಳು ನೆಲದೊಳಗೆ ಮಲಗಿರುತ್ತವೆ. ಹಕ್ಕಿ ಗೂಡಿಲ್ಲ, ಮರದಲ್ಲಿ ಬಾವಲಿ ಮರಿಯಿಲ್ಲ, ಉಣ್ಣಿ ಹುಳು, ಸೊಳ್ಳೆ ಯಾವುದೂ ಇಲ್ಲ. ಹಿಮ ಬಿದ್ದಿದ್ದರೆ ಕಡಿದದ್ದನ್ನು ಅಲ್ಲೇ ಸುಡಬಹುದು, ಬೆಂಕಿ ಹರಡುವ ಭಯವಿಲ್ಲ. ಏಪ್ರಿಲ್‌ನಲ್ಲಿ ಮಾಡಿದರೆ ಯಾವ ಹೂವಿಗಾಗಿ ಕೆಲಸ ಮಾಡುತ್ತೀರೋ ಅದನ್ನೇ ತುಳಿಯುತ್ತೀರಿ.

ಕೆಲಸ ನಡೆಯುವ ರೀತಿ ಹೇಳುತ್ತೇನೆ. ಬೆಳಿಗ್ಗೆ ಮೊದಲು ಬೆಂಕಿ ಹಾಕುವವರು ರಾಶಿ ಶುರು ಮಾಡುತ್ತಾರೆ. ಅದಕ್ಕೆ ತರಬೇತಿ ಆದವರು ಬೇರೆ ಇರುತ್ತಾರೆ, ನಾವು ಕೈ ಹಾಕುವಂತಿಲ್ಲ. ಹೊಸಬರಿಗೆ ಲಾಪರ್ (ಕೊಂಬೆ ಕತ್ತರಿಸುವ ಉದ್ದ ಹಿಡಿಯ ಕತ್ತರಿ) ಅಥವಾ ಬಿಲ್ಲಿನ ಆಕಾರದ ಕೈಗರಗಸ ಕೊಡುತ್ತಾರೆ. ಯಂತ್ರದ ಗರಗಸ ಮುಟ್ಟಲು ಬಿಡುವುದಿಲ್ಲ. ಕಡಿಯುವ ಮುಂಚೆ ತೊಗಟೆಯನ್ನು ಉಗುರಲ್ಲಿ ಕೆರೆದು ನೋಡಿ. ಒಳಗೆ ಕಿತ್ತಳೆ ಬಣ್ಣ ಕಂಡರೆ ಅದೇ ಬಕ್‌ಥಾರ್ನ್. ಅನುಮಾನ ಇದ್ದರೆ ಕಡಿಯಬೇಡಿ, ಕರೆದು ಕೇಳಿ. ಎಳೆಯ ಬ್ಲ್ಯಾಕ್ ಚೆರ್ರಿ, ಕಾಡು ಪ್ಲಮ್ ಪಾಪ ಹೀಗೇ ಹೋಗಿಬಿಡುತ್ತವೆ. ಕಡಿಯುವಾಗ ನೆಲಕ್ಕೆ ಹತ್ತಿರ, ಮಟ್ಟಸವಾಗಿ ಕಡಿಯಬೇಕು. ಓರೆಯಾಗಿ ಬಿಟ್ಟರೆ ಆಮೇಲೆ ಬಂದವರ ಬೂಟಿಗೆ ಈಟಿ. ಕೊಂಬೆಯನ್ನು ಬುಡ ಮುಂದಾಗಿ ಎಳೆಯಿರಿ, ಇಲ್ಲದಿದ್ದರೆ ಪ್ರತಿ ಗಿಡಕ್ಕೂ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಮುಳ್ಳಿದೆ, ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಕಳೆನಾಶಕದ ವಿಷಯ. ಇಷ್ಟಪಟ್ಟು ಯಾರೂ ಹಚ್ಚುವುದಿಲ್ಲ, ನಾನಂತೂ ಇಲ್ಲ. ಆದರೆ ಹಚ್ಚದೆ ಬಿಟ್ಟ ಬುಡದಿಂದ ಮುಂದಿನ ಬೇಸಿಗೆಗೆ ಒಂದರ ಬದಲು ಹತ್ತು ಚಿಗುರು ಬರುತ್ತದೆ, ಬೇರು ಇನ್ನೂ ಬಲವಾಗುತ್ತದೆ. ಆಗ ಕಡಿದದ್ದೇ ಹಾನಿ. ಇಲ್ಲಿ ಸಿಂಪಡಿಸುವುದಿಲ್ಲ. ಪರವಾನಗಿ ಇರುವವರು ಒಬ್ಬಿಬ್ಬರು ಮಾತ್ರ ಸೀಸೆ ಹಿಡಿದು ಹಿಂದೆ ಬರುತ್ತಾರೆ, ಕಡಿದ ಬುಡದ ಅಂಚಿಗೆ ತೊಗಟೆಯ ಹತ್ತಿರ ಒಂದು ಸುತ್ತು ಹಚ್ಚುತ್ತಾರೆ. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಎಣ್ಣೆಯಲ್ಲಿ ಬೆರೆಸಿದ ಟ್ರೈಕ್ಲೋಪಿರ್ ಅನ್ನುವ ಕಳೆನಾಶಕ ಬಳಸುತ್ತಾರೆ. ಯಾವುದಕ್ಕೆ ಹಚ್ಚಿ ಆಯಿತು ಅಂತ ಗೊತ್ತಾಗಲು ನೀಲಿ ಬಣ್ಣ ಸೇರಿಸಿರುತ್ತಾರೆ. ಮಗಳಿಗೆ ಹೇಳಿಡಿ: ನೀಲಿ ಬುಡ ಮುಟ್ಟಬಾರದು, ಅದರ ಮೇಲೆ ಕೂರಬಾರದು. ಮಕ್ಕಳ ವಯಸ್ಸಿನ ನಿಯಮ ಒಂದೊಂದು ಗುಂಪಿಗೆ ಒಂದೊಂದು ಥರ, ಮೊದಲೇ ಇಮೇಲ್ ಮಾಡಿ ಕೇಳಿ.

ಉಪಯೋಗ ಇದೆಯಾ ಅಂದರೆ, ಕಡಿಯುವುದು ಅರ್ಧ ಕೆಲಸ ಕೂಡ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ. ತೆರವು ಮಾಡಿದ ಜಾಗಕ್ಕೆ ಮತ್ತೆ ಹೋಗದಿದ್ದರೆ ಎರಡು ವರ್ಷದಲ್ಲಿ ನೆಲದಲ್ಲಿದ್ದ ಬೀಜ ಮೊಳೆತು ಹುಲ್ಲಿನಂತೆ ಬಕ್‌ಥಾರ್ನ್ ಸಸಿ ಏಳುತ್ತದೆ, ಜೊತೆಗೆ ಗಾರ್ಲಿಕ್ ಮಸ್ಟರ್ಡ್ ಅನ್ನುವ ಕಳೆಯೂ ಬರುತ್ತದೆ. ಒಂದು ದಿನದಲ್ಲಿ ಎಕರೆಗಟ್ಟಲೆ ಕಡಿದು ಹೋಗುವವರಿಗಿಂತ ಒಂದೇ ಮೂಲೆಗೆ ವರ್ಷಗಟ್ಟಲೆ ಬರುವವರು ಕಾಡಿಗೆ ಬೇಕು. ಬೇಸಿಗೆ ಕೊನೆಯಿಂದ ಅಕ್ಟೋಬರ್ ತನಕ ನಾವು ಬೀಜ ಕೂಡಿಸುತ್ತೇವೆ. ಅದನ್ನು ಉಜ್ಜಿ, ಬೆರೆಸಿ, ಹಿಮ ಬೀಳುವ ಹೊತ್ತಿಗೆ ಎರಚುತ್ತೇವೆ. ಇಲ್ಲಿನ ಎಷ್ಟೋ ಕಾಡುಹೂಗಳ ಬೀಜ ಚಳಿ ಉಣ್ಣದೆ ಮೊಳೆಯುವುದಿಲ್ಲ. ಹೋದ ಚಳಿಗಾಲದಲ್ಲಿ ಸುಟ್ಟ ರಾಶಿಯ ಬೂದಿಗುರುತು ಇರುತ್ತದಲ್ಲ, ಅಲ್ಲಿ ಬೀಜ ಹಾಕುವುದನ್ನು ಮರೆಯಲೇಬಾರದು. ಶಾಖಕ್ಕೆ ಅಲ್ಲಿನ ನೆಲ ಬರಡಾಗಿರುತ್ತದೆ, ಕಳೆ ಬೀಜ ಬೇಗ ಹಿಡಿಯುತ್ತದೆ.

ಈ ಊರಲ್ಲಿ ಈ ಕೆಲಸಕ್ಕೆ ದೊಡ್ಡ ಇತಿಹಾಸವಿದೆ. 1977ರಲ್ಲಿ ಸ್ಟೀವ್ ಪ್ಯಾಕರ್ಡ್ ಎಂಬವರು ಒಂದಿಷ್ಟು ಜನರನ್ನು ಸೇರಿಸಿಕೊಂಡು ಚಿಕಾಗೊ ನದಿಯ ನಾರ್ತ್ ಬ್ರಾಂಚ್ ದಂಡೆಯಲ್ಲಿ ಶುರು ಮಾಡಿದರು. ನಮ್ಮೂರಿನ ಸೊಮ್ ಪ್ರೇರಿ ಗ್ರೋವ್ ಅವರ ಕೈಯಲ್ಲೇ ಎದ್ದ ಕಾಡು. 1996ರಲ್ಲಿ ಅಕ್ಕಪಕ್ಕದ ನಿವಾಸಿಗಳು ನಿಮ್ಮ ಅಮ್ಮನವರ ಪ್ರಶ್ನೆಯನ್ನೇ ಜೋರಾಗಿ ಕೇಳಿದರು, ಕುಕ್ ಕೌಂಟಿಯಲ್ಲಿ ಕೆಲಸಕ್ಕೇ ತಡೆ ಬಿತ್ತು. ಆಮೇಲೆ ಹಂತ ಹಂತವಾಗಿ ಮತ್ತೆ ಶುರುವಾಯಿತು. ಯಾಕೆ ಕಡಿಯುತ್ತೀರಿ ಅಂತ ಕೇಳಿದ ದಾರಿಹೋಕರಿಗೆ ನಿಂತು ಉತ್ತರ ಹೇಳುವುದೂ ಅವತ್ತಿನಿಂದ ಕೆಲಸದ ಭಾಗ. ನನಗೆ ಅದು ಇಷ್ಟ.

ಹಿತ್ತಲ ಬೇಲಿ:

ಕೊಪ್ಪದ ಮೇಡಂಗೆ ಒಂದು ಪ್ರಶ್ನೆ. ನಾವು ನೇಪರ್‌ವಿಲ್‌ನಲ್ಲಿ ಹಳೇ ಮನೆ ತಗೊಂಡಿದ್ದೇವೆ. ಹಿತ್ತಲಿನ ಬೇಲಿಯಲ್ಲಿ ಉದ್ದಕ್ಕೂ ಒಂದೇ ಥರದ ಗಿಡ. ನವೆಂಬರ್ ಮುಗಿಯುತ್ತಾ ಬಂದರೂ ಹಸಿರಾಗೇ ಇತ್ತು, ಕಪ್ಪು ಹಣ್ಣು ಇನ್ನೂ ಇದೆ. ಇದೂ ಅದೇ ಅನ್ನಿಸುತ್ತಿದೆ. ಪಕ್ಕದ ಮನೆಯವರಿಗೆ ಅದರಿಂದ ಮರೆ ಸಿಗುತ್ತಿದೆ, ತೆಗೆದರೆ ಬೇಜಾರು ಮಾಡಿಕೊಳ್ಳುತ್ತಾರೆ. ಕಾಡಿನಲ್ಲಿ ಕಡಿಯೋದು ಸರಿ, ಮನೆಯದ್ದು ಬಿಟ್ಟರೆ ಏನಾಗುತ್ತೆ?

ಕೊಪ್ಪದವಳು:

ನೀವು ಹೇಳಿದ ಲಕ್ಷಣ ನೋಡಿದರೆ ಅದೇ. ಉಳಿದ ಮರಗಳೆಲ್ಲ ಬೋಳಾದ ಮೇಲೂ ಅದು ಹಸಿರಾಗಿರುವುದರಿಂದಲೇ ಗುರುತಿಸುವುದು ಸುಲಭ. ಕೊಂಬೆಯ ತುದಿಯಲ್ಲಿ ಎರಡು ಮೊಗ್ಗಿನ ನಡುವೆ ಸಣ್ಣ ಮುಳ್ಳು ಇದೆಯಾ ನೋಡಿ.

ಮನೆಯದ್ದು ಬಿಟ್ಟರೆ ಹಕ್ಕಿಗಳು ಅದನ್ನು ತಿಂದು ಕಾಡಿಗೆ ಒಯ್ಯುತ್ತವೆ. ಒಂದೇ ಸಲ ಎಲ್ಲ ತೆಗೆಯಬೇಕಾಗಿಲ್ಲ. ಮೊದಲು ಹಣ್ಣು ಇರುವ ಹೆಣ್ಣು ಗಿಡಗಳನ್ನು ಮಾತ್ರ ತೆಗೆಯಿರಿ. ಗಂಡು ಗಿಡ ಸದ್ಯಕ್ಕೆ ಮರೆಗೆ ಇರಲಿ. ನಡುವೆ ಇಲ್ಲಿನದ್ದೇ ವೈಬರ್ನಮ್, ಹೇಝಲ್ ಅಥವಾ ಡಾಗ್‌ವುಡ್ ನೆಡಿ. ಅವು ಮೇಲೆ ಬಂದ ಮೇಲೆ ಉಳಿದದ್ದು ಕಡಿಯಿರಿ. ಪಕ್ಕದವರಿಗೆ ಕಡಿಯುವ ಮುಂಚೆ ಹೇಳಿ, ಗಿಡದ ಚಿತ್ರವನ್ನೂ ತೋರಿಸಿ. ಸಣ್ಣ ಗಿಡಗಳನ್ನು ಮಣ್ಣು ಒದ್ದೆ ಇರುವಾಗ ಬೇರು ಸಮೇತ ಕೀಳಬಹುದು, ಅದಕ್ಕೆ ಔಷಧ ಬೇಡ. ಇನ್ನೊಂದು ವಿಷಯ, ಸೋಯಾ ಬೆಳೆಗೆ ಬರುವ ಏಫಿಡ್ ಹೇನು ಚಳಿಗಾಲ ಕಳೆಯುವುದು ಇದೇ ಗಿಡದ ಮೇಲೆ. ಇಲಿನಾಯ್ ಪೂರಾ ಸೋಯಾ ಬೆಳೆಯುವ ರಾಜ್ಯ. ಹಾಗಾಗಿ ನಿಮ್ಮ ಬೇಲಿಯಿಂದ ರೈತರಿಗೂ ತೊಂದರೆ ಇದೆ.

ಯಳಂದೂರು ಕಡೆಯವ:

ನಾನು ಅಮೆರಿಕದಲ್ಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಕೆಳಗಿನ ಊರು. ಓದುತ್ತಾ ಹೋದಂತೆ ನಮ್ಮ ಲಂಟಾನದ ಕಥೆಯನ್ನೇ ಓದಿದ ಹಾಗಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮಲ್ಲೂ ಬ್ರಿಟಿಷರ ಕಾಲದಲ್ಲಿ ಹೂವಿನ ಚೆಂದಕ್ಕೆ, ಬೇಲಿಗೆ ಅಂತ ಬಂದ ಗಿಡ. ಈಗ ಬೆಟ್ಟದಲ್ಲಿ ಆಳೆತ್ತರಕ್ಕೆ ನಿಂತಿದೆ. ಒಳಗೆ ಆನೆ ನಿಂತಿದ್ದರೂ ಕಾಣಲ್ಲ. ಸೋಲಿಗ ಹಿರಿಯರು ಹೇಳುವುದು ಒಂದೇ ಮಾತು: ಬೆಂಕಿ ನಿಂತ ಮೇಲೆ ಇದು ಏರಿತು. ಮುಂಚೆ ಅವರು ಬೇಸಿಗೆ ಬಲಿಯುವ ಮೊದಲೇ ತರಗು ಬೆಂಕಿ ಹಾಕುತ್ತಿದ್ದರು. ಎಲೆ ಮಾತ್ರ ಸುಡುವ ಸಣ್ಣ ಬೆಂಕಿ. ಲಂಟಾನದ ಎಳೆ ಸಸಿ ಅದರಲ್ಲೇ ಹೋಗುತ್ತಿತ್ತು, ನೆಲ್ಲಿ ಮರಕ್ಕೆ ಹಿಡಿಯುವ ಬದನಿಕೆಯೂ ಹತೋಟಿಯಲ್ಲಿತ್ತು. 1974ರಲ್ಲಿ ಅಭಯಾರಣ್ಯ ಆಯಿತು, ಬೆಂಕಿ ಹಾಕುವುದು ಅಪರಾಧವಾಯಿತು. 2011ರಲ್ಲಿ ಹುಲಿ ಮೀಸಲು ಪ್ರದೇಶ. ಈಗ ಅದೇ ಬೆಂಕಿ ಸುಮ್ಮನೆ ಹಾಕುವ ಹಾಗೂ ಇಲ್ಲ. ಒಣಗಿದ ಲಂಟಾನ ಏಣಿಯಂತೆ ಬೆಂಕಿಯನ್ನು ಮರದ ತುದಿಗೆ ಹತ್ತಿಸುತ್ತದೆ.

ಇಲ್ಲಿ ತೆಗೆಯುವ ಕ್ರಮ ಬೇರೆ. ಔಷಧ ಬೇಡ. ನೆಲದಿಂದ ಸ್ವಲ್ಪ ಕೆಳಗೆ ಗುದ್ದಲಿಯಲ್ಲಿ ಬೇರಿನ ತಲೆ ಕತ್ತರಿಸಿ, ಎತ್ತಿ, ತಲೆಕೆಳಗಾಗಿ ಇಡಬೇಕು. ಬೇರು ಮಣ್ಣು ಮುಟ್ಟಿದರೆ ಮತ್ತೆ ಹಿಡಿಯುತ್ತದೆ. ಕಾಯಿ ಬಲಿಯುವ ಮುಂಚೆ, ಮಣ್ಣು ಮೆದುವಾಗಿರುವಾಗ ಮಾಡಬೇಕು. ಅತ್ತ ಮಲೆ ಮಹದೇಶ್ವರ ಬೆಟ್ಟದಲ್ಲಿ 2004ರಿಂದ ಅಲ್ಲಿನ ಸೋಲಿಗರು ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರ ಜೊತೆ ಸೇರಿ ಲಂಟಾನ ಕಡ್ಡಿ ಬೇಯಿಸಿ, ತೊಗಟೆ ತೆಗೆದು, ಬಗ್ಗಿಸಿ ಕುರ್ಚಿ, ಮೇಜು ಮಾಡುತ್ತಾರೆ.

ಒಂದು ಮಾತು ಕೇಳಬೇಕು. ನಮ್ಮಲ್ಲಿ ಇದು ಕೂಲಿ ಕೆಲಸ, ಬೆವರು ಸುರಿಸುವವರು ಆದಿವಾಸಿಗಳು. ಅಲ್ಲಿ ಎಲ್ಲರೂ ಬಿಟ್ಟಿ ಮಾಡುತ್ತಾರಾ? ಆಮೇಲೆ, ಅಲ್ಲಿನ ಮೂಲ ಜನ ಈ ಕಾಡಿನಲ್ಲಿ ಈಗ ಎಲ್ಲಿದ್ದಾರೆ?

ಕೊಪ್ಪದವಳು:

ನಿಮ್ಮ ಬರಹ ಓದಿ ಮನಸ್ಸು ತುಂಬಿ ಬಂತು ಸರ್. ಕೊನೆಯ ಪ್ರಶ್ನೆಯನ್ನು ಇಲ್ಲಿ ಇನ್ನೂ ಹೆಚ್ಚು ಜನ ಕೇಳಬೇಕು.

ಇಲ್ಲಿನ ಓಕ್ ಕಾಡನ್ನು ಬಯಲಾಗಿ, ಬೆಳಕಾಗಿ ಇಟ್ಟಿದ್ದೂ ಬೆಂಕಿಯೇ. ಪೊಟವಾಟಮಿ ಎಂಬ ಇಲ್ಲಿನ ಮೂಲ ಜನ ಮತ್ತು ಅವರಿಗಿಂತ ಹಿಂದಿನವರು ನೆಲದ ಮೇಲಿನ ಬೆಂಕಿ ಹಾಕುತ್ತಿದ್ದರು. ಬರ್ ಓಕ್‌ನ ತೊಗಟೆ ದಪ್ಪ, ಅದಕ್ಕೆ ಏನೂ ಆಗುತ್ತಿರಲಿಲ್ಲ. ಸಣ್ಣ ಪೊದೆಗಳು ಹೋಗುತ್ತಿದ್ದವು. 1833ರ ಚಿಕಾಗೊ ಒಪ್ಪಂದದಲ್ಲಿ ಪೊಟವಾಟಮಿ ಜನರ ನೆಲ ಬರೆಸಿಕೊಂಡು ಅವರನ್ನು ಮಿಸಿಸಿಪ್ಪಿಯ ಆಚೆಗೆ ಕಳಿಸಿದರು. ಅವರ ಜೊತೆ ಬೆಂಕಿಯೂ ಹೋಯಿತು. ಇವತ್ತು ಅವರ ವಂಶದವರು ಕ್ಯಾನ್ಸಸ್, ಒಕ್ಲಹೋಮ, ಮಿಷಿಗನ್, ವಿಸ್ಕಾನ್ಸಿನ್‌ನಲ್ಲಿದ್ದಾರೆ. ಚಿಕಾಗೊ ನಗರದಲ್ಲೂ ಬೇರೆ ಬೇರೆ ಮೂಲ ಸಮುದಾಯದವರು ಬಹಳ ಜನ ಇದ್ದಾರೆ. ಆದರೆ ನಮ್ಮ ಭಾನುವಾರದ ಕೆಲಸದಲ್ಲಿ ಅವರನ್ನು ಕಾಣುವುದು ಅಪರೂಪ. ಇದು ನನಗೆ ಸರಿ ಅನ್ನಿಸುವುದಿಲ್ಲ.

ಈಗ ಇಲ್ಲಿ ತರಬೇತಿ ಪಡೆದ ತಂಡಗಳು ವಸಂತದಲ್ಲಿ ಮತ್ತು ಚಳಿಗಾಲಕ್ಕೆ ಸ್ವಲ್ಪ ಮುಂಚೆ ಬೆಂಕಿ ಹಾಕುತ್ತವೆ. ನಿಮ್ಮಲ್ಲಿ ಲಂಟಾನ ಬೆಂಕಿಯನ್ನು ಮೇಲೇರಿಸುತ್ತದೆ ಅಂದಿರಲ್ಲ, ಇಲ್ಲಿ ಅದಕ್ಕೆ ತದ್ವಿರುದ್ಧ. ಬಕ್‌ಥಾರ್ನ್ ಪೊದೆಯೊಳಗೆ ಬೆಂಕಿ ಹೋಗುವುದೇ ಇಲ್ಲ, ಕೆಳಗೆ ಸುಡಲು ತರಗೆಲೆಯೇ ಉಳಿದಿರುವುದಿಲ್ಲ. ಅದಕ್ಕೇ ಮೊದಲು ಕೈಯಲ್ಲಿ ಕಡಿಯಬೇಕು. ಓಕ್ ಎಲೆ ಮತ್ತೆ ಹಾಸಿದ ಮೇಲೆ ಬೆಂಕಿ ನಡೆಯುತ್ತದೆ.

ಬಿಟ್ಟಿ ಕೆಲಸದ ಬಗ್ಗೆ: ಕೂಲಿ ಕೊಟ್ಟು ಗುತ್ತಿಗೆದಾರರಿಂದ ಮಾಡಿಸುವ ದೊಡ್ಡ ತುಂಡುಗಳೂ ಇವೆ. ಯಂತ್ರ ತಂದು ಅರೆದು ಹೋಗುತ್ತಾರೆ. ಸ್ವಯಂಸೇವಕರು ಅದರ ಹಿಂದೆ ಬೀಜ, ಸಸಿ, ಕಳೆ ನೋಡಿಕೊಳ್ಳುತ್ತಾರೆ. ಎರಡೂ ಬೇಕು. ಕಾಡನ್ನೇ ನಂಬಿ ಬದುಕುವವರಿಗೆ ಮಾತ್ರ ಕೂಲಿ ಕೊಡಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ.

ದಾವಣಗೆರೆಯವನು:

ತುಂಬಾ ಧನ್ಯವಾದ ಅಕ್ಕ. ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಮರಗಸಿ ಅವರಿಗೆ ಗೊತ್ತಿಲ್ಲ, ನಮ್ಮದು ಬಯಲುಸೀಮೆ. ಆದರೆ ಓಕ್‌ಗೆ ಮೊಮ್ಮಕ್ಕಳಿಲ್ಲ ಅನ್ನೋದು ಅವರಿಗೆ ನಾಟಿತು. "ಹಾಗಾದರೆ ಹೋಗಿ ಬನ್ನಿ, ಆದರೆ ಯಾವ ಮರ ಅಂತ ನೋಡಿಕೊಂಡು ಕಡೀರಿ" ಅಂದರು. ಗುಂಪಿನವರಿಗೆ ಇಮೇಲ್ ಮಾಡಿದೆ. ನಾನು ಜೊತೆಗಿದ್ದರೆ ಮಗಳು ಬರಬಹುದಂತೆ, ಕೊಂಬೆ ಎಳೆಯುವ ಕೆಲಸ. ಬಟ್ಟೆ ಯಾವ ಥರ ಹಾಕಬೇಕು? ನಮ್ಮ ಹತ್ತಿರ ಇರೋದು ದಪ್ಪ ಪಫರ್ ಜಾಕೆಟ್ ಮಾತ್ರ.

ಕೊಪ್ಪದವಳು:

ಪಫರ್ ಬೇಡ. ಮುಳ್ಳಿಗೆ ಹರಿಯುತ್ತದೆ, ಬೆಂಕಿಯ ಕಿಡಿ ಬಿದ್ದರೆ ನೈಲಾನ್ ಕರಗಿ ತೂತಾಗುತ್ತದೆ. ಮೇಲೆ ಹಳೇ ಹತ್ತಿ ಅಥವಾ ಉಣ್ಣೆಯದ್ದು ಹಾಕಿ, ಒಳಗೆ ತೆಳುವಾದ ಎರಡು ಪದರ ಇರಲಿ. ಕೆಲಸ ಶುರುವಾದ ಅರ್ಧ ಗಂಟೆಗೆ ಬೆವರುತ್ತದೆ, ಒಂದೊಂದೇ ಬಿಚ್ಚುತ್ತಾ ಹೋಗಬೇಕು. ಮಗಳ ಅಳತೆಯ ಕೈಗವಸು ಅಲ್ಲಿ ಇರುವುದಿಲ್ಲ, ಮನೆಯಿಂದಲೇ ತನ್ನಿ. ಕಣಕಾಲು ಮುಚ್ಚುವ ಬೂಟು, ಇನ್ನೊಂದು ಜೊತೆ ಕಾಲುಚೀಲ ಕಾರಿನಲ್ಲಿರಲಿ. ಹಿಮಗಾಳಿ ಜೋರಾಗಿದ್ದರೆ ಕೆಲಸ ರದ್ದು ಮಾಡುತ್ತಾರೆ, ಹೊರಡುವ ಮುಂಚೆ ಇಮೇಲ್ ನೋಡಿ.

ನಡುವೆ ಬಿಡುವಿನಲ್ಲಿ ಎಲ್ಲರೂ ತಿನ್ನಲು ಏನಾದರೂ ತರುತ್ತಾರೆ. ಅಮ್ಮನವರು ಮಂಡಕ್ಕಿ ಒಗ್ಗರಣೆ ಮಾಡಿಕೊಟ್ಟರೆ ಒಂದು ದೊಡ್ಡ ಡಬ್ಬಿ ತನ್ನಿ. ಸಣ್ಣ ಡಬ್ಬಿ ಸಾಲುವುದಿಲ್ಲ.